ಸ್ಟೇಷನ್ನಿಗೆ ಹತ್ತಿರದ ಮನೆ

ನಮ್ಮ ಇಂದು ಚಿಕ್ಕಮ್ಮನ ಅಪಾರ್ಟ್‌ಮೆಂಟು ಅಮೆರಿಕದ ಸ್ಯಾನ್ ಮಟಿಯೋದಲ್ಲಿ ಏರ್‌ಪೋರ್ಟಿಗೆ ತೀರ ಹತ್ತಿರವಿತ್ತು. ಅವರ ದಣಿವಿಗೆಲ್ಲ ಅದೇ ಮೂಲ ಎಂದು ನನಗೆ ಅನ್ನಿಸುತ್ತದೆ. ಬೆಂಗಳೂರು, ಮೈಸೂರುಗಳಿಂದ ವಿಮಾನ ಹತ್ತುವವರಿಗೆ ಯಾರಾದರೂ ಶೇಷಾದ್ರಿ ಚಿಕ್ಕಪ್ಪನ ಫೋನ್ ನಂಬರು ಕೊಟ್ಟೇ ಕಳಿಸುತ್ತಿದ್ದರು. ಪಾಲೋ ಆಲ್ಟೋಗೆ ಓದಲು ಬಂದವರು, ಮಗಳ ಬಾಣಂತನಕ್ಕೆ ಬಂದ ತಾಯಂದಿರು, ಕೆಲಸ ಸಿಕ್ಕಿ ಮನೆ ಸಿಗದವರು, ಎಲ್ಲರೂ ಮೊದಲು ಇಲ್ಲಿ ಇಳಿಯುತ್ತಿದ್ದರು. ಲಿವರ್‌ಮೋರ್‌ನ ಗುಡ್ಡದ ಮೇಲೆ ದೇವಸ್ಥಾನವಾದ ಮೇಲೆ ದೂರದ ರಾಜ್ಯಗಳಿಂದ ದರ್ಶನಕ್ಕೆ ಬರುವವರೂ ಸೇರಿಕೊಂಡರು. ನಾನೂ ಹಾಗೆಯೇ ಕೆಲವು ದಿನಕ್ಕೆಂದು ಬಂದು ಉಳಿದವಳು. ಓದು ನಿಲ್ಲಿಸಿದ್ದರಿಂದ ಹಗಲೆಲ್ಲ ಮನೆಯಲ್ಲೇ ಇರುತ್ತಿದ್ದೆ. ಹಾಗಾಗಿ ಚಿಕ್ಕಮ್ಮ ಒಮ್ಮೆ ಜಪಾನಿಗೆ ಹೋಗಿ ಬಂದು ಸ್ವಲ್ಪ ಸ್ವಲ್ಪವಾಗಿ ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುವ ಪುರುಸೊತ್ತು ನನಗಿತ್ತು.

ಕನ್ನಡದವರೆಲ್ಲ ಸೇರಿದಾಗ ಆ ಮನೆಗೆ ‘ಶೇಷಾದ್ರಿ ಛತ್ರ’ ಎನ್ನುತ್ತಿದ್ದರು. ಚಿಕ್ಕಪ್ಪ ಅದನ್ನು ಹೊಗಳಿಕೆ ಎಂದುಕೊಂಡು ನಗುತ್ತಿದ್ದರು. ಚಿಕ್ಕಮ್ಮನೂ ನಗುತ್ತಿದ್ದರು. ಹಜಾರದಲ್ಲಿ ಹಾಸಿಗೆ ಹಾಸುವುದು, ಸುತ್ತಿಡುವುದು, ಸೋಫಾದ ಮೇಲೆ ಮಲಗಿದವರು ಏಳುವ ಮೊದಲೇ ಸದ್ದಾಗದಂತೆ ಒಗ್ಗರಣೆ ಹಾಕುವುದು, ಖಾರ ಆಗದವರಿಗೆ ಬೇರೆ ಸಾರು, ಈರುಳ್ಳಿ ತಿನ್ನದವರಿಗೆ ಬೇರೆ ಪಲ್ಯ, ಇವುಗಳ ನಡುವೆ ಅವರು ಲೈಬ್ರರಿಯಲ್ಲಿ ಅರ್ಧ ದಿನ ಕೆಲಸ ಮಾಡುತ್ತಿದ್ದರು. ಹಿಂದಿರುಗಿ ಬಂದ ಪುಸ್ತಕಗಳನ್ನು ಅವುಗಳ ಜಾಗದಲ್ಲಿ ಇಡುವ ಕೆಲಸ. “ಅಲ್ಲಿ ಯಾರೂ ಮಾತಾಡಬಾರದು ಅಂತ ಬೋರ್ಡಿದೆ ಕಣೇ. ಅದಕ್ಕೇ ಹೋಗ್ತೀನಿ” ಎಂದು ಒಮ್ಮೆ ನನಗೆ ಹೇಳಿದ್ದರು.

೧೯೮೬ರ ಸೆಪ್ಟೆಂಬರಿನಲ್ಲಿ ಒಂದು ಸಂಜೆ ಚಿಕ್ಕಪ್ಪ ಆಫೀಸಿನಿಂದ ಬಂದವರು ಶೂ ಬಿಚ್ಚುತ್ತಲೇ ಮಾತು ತೆಗೆದರು.

“ಗುರು ಫೋನ್ ಮಾಡಿದ್ದ. ಪಾಲೋ ಆಲ್ಟೋದಲ್ಲಿ ಕೆಲಸ ಆಗಿದೆಯಂತೆ. ಫ್ಯಾಮಿಲಿ ಸಮೇತ ಬರ್ತಾನೆ.”

ಗುರುಪ್ರಸಾದ ಅವರ ದೊಡ್ಡಪ್ಪನ ಮಗ. ಹೆಂಡತಿ ಮೈಥಿಲಿ, ಇಬ್ಬರು ಮಕ್ಕಳು.

“ಎಷ್ಟು ದಿನಕ್ಕೆ?” ಎಂದರು ಚಿಕ್ಕಮ್ಮ.

“ದಿನ ಏನು, ಒಂದಾರು ತಿಂಗಳು. ನೆಲೆ ಆಗೋವರೆಗೆ. ನಾಲ್ಕೇ ಜನ ಅಲ್ವಾ?”

“ನಾಲ್ಕೇ ಜನ.”

“ನೀನು ಹೂಂ ಅಂದ್ಮೇಲೇ ಹೇಳ್ತೀನಪ್ಪ. ನಿನ್ನ ಕೇಳದೆ ನಾನ್ಯಾವತ್ತಾದ್ರೂ ಮಾಡಿದೀನಾ?”

ಅವರು ಯಾವಾಗಲೂ ಕೇಳುತ್ತಿದ್ದರು, ಅದು ನಿಜ. ಚಿಕ್ಕಮ್ಮ ಒಮ್ಮೆಯೂ ಬೇಡ ಎಂದಿರಲಿಲ್ಲವಾದ್ದರಿಂದ ಕೇಳುವುದು ಕಷ್ಟವೇನೂ ಆಗಿರಲಿಲ್ಲ. ಆ ಸಂಜೆ ಮಾತ್ರ ಅವರು “ನೋಡೋಣ” ಎಂದು ಸಿಂಕಿನ ಕಡೆ ತಿರುಗಿಕೊಂಡರು. ಬೇಡ ಎನ್ನಬೇಕೆಂದು ಮನಸ್ಸಿನಲ್ಲಿ ಬಂದಿತ್ತಂತೆ. ನಾಲಿಗೆಗೆ ಆ ಶಬ್ದದ ಅಭ್ಯಾಸವಿರಲಿಲ್ಲ.

ಅದೇ ವಾರ ಲೈಬ್ರರಿಯಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದ ಮಿಸೆಸ್ ನಕಾನೊ ಮೆಟ್ಟಿಲಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಲೈಬ್ರರಿಯ ಗೆಳೆಯರ ಬಳಗವೊಂದು ಜಪಾನಿನ ಇಸೊಹಾಮ ಎಂಬ ಸಮುದ್ರದ ಊರಿನ ಶಾಲೆಗೆ ಮಕ್ಕಳ ಚಿತ್ರಗಳನ್ನು ಕಳಿಸಿ, ಅಲ್ಲಿನ ಮಕ್ಕಳ ಚಿತ್ರಗಳನ್ನು ತರಿಸಿಕೊಳ್ಳುತ್ತಿತ್ತು. ಅಕ್ಟೋಬರಿನಲ್ಲಿ ಆ ಬಳಗದವರು ಅಲ್ಲಿಗೆ ಹೋಗಿ ಊರವರ ಮನೆಗಳಲ್ಲಿ ಇರುವುದೆಂದು ಗೊತ್ತಾಗಿತ್ತು. “ನನ್ನ ಜಾಗದಲ್ಲಿ ನೀನು ಹೋಗು. ಅಲ್ಲಿ ಸಮುದ್ರ ಬಿಟ್ಟರೆ ಏನೂ ಇಲ್ಲ. ನಿದ್ದೆ ಮಾಡಬಹುದು” ಎಂದರು ಮಿಸೆಸ್ ನಕಾನೊ. ಆ ಕೊನೆಯ ಮಾತಿಗೆ ಚಿಕ್ಕಮ್ಮ ಒಪ್ಪಿಕೊಂಡರು.

ಚಿಕ್ಕಪ್ಪನಿಗೆ ಖುಷಿಯಾಯಿತು. “ಹೋಗಿ ಬಾ, ರೆಸ್ಟು ತಗೋ. ಆದ್ರೆ ಗುರುಗೆ ಏನ್ ಹೇಳ್ಲಿ? ಟಿಕೆಟ್ಟು ಮಾಡಿಸ್ಬೇಕು ಅಂತ ದಿನಾ ಕೇಳ್ತಿದಾನೆ.”

“ಅಲ್ಲಿಂದ ಹೇಳ್ತೀನಿ.”

“ಸರಿ, ಶನಿವಾರ ನಾನೇ ಫೋನ್ ಮಾಡ್ತೀನಿ. ಅಷ್ಟರಲ್ಲಿ ಯೋಚನೆ ಮಾಡು.” ಚಿಕ್ಕಪ್ಪನ ಮಟ್ಟಿಗೆ ಅದು ಯೋಚಿಸುವ ವಿಷಯವೇ ಆಗಿರಲಿಲ್ಲ. ಚಿಕ್ಕಮ್ಮ ಹೊರಟ ದಿನವೇ ದೊಡ್ಡ ಹಾಸಿಗೆಯೊಂದನ್ನು ಕೊಂಡುತಂದರು.

ಟೋಕಿಯೋದಿಂದ ದೊಡ್ಡ ರೈಲು, ಅಲ್ಲಿಂದ ಚಿಕ್ಕ ರೈಲು, ಕೊನೆಗೆ ಒಂದೇ ಡಬ್ಬಿಯ ರೈಲು. ಇಸೊಹಾಮದಲ್ಲಿ ಇಳಿದಾಗ ಪ್ಲಾಟ್‌ಫಾರಮ್ಮಿನಿಂದಲೇ ಸಮುದ್ರ ಕಾಣುತ್ತಿತ್ತು. ದಡದುದ್ದಕ್ಕೂ ಹಗ್ಗ ಕಟ್ಟಿ, ಬಿಳಿಯ ಬಟ್ಟೆ ಒಣಹಾಕಿದಂತೆ ಬೊಂಡಾಸ್ ಮೀನುಗಳನ್ನು ಒಣಗಿಸಿದ್ದರು. ಸೂರಿನ ಕೆಳಗೆ ಸಿಪ್ಪೆ ಸುಲಿದ ಕಿತ್ತಳೆ ಬಣ್ಣದ ಹಣ್ಣುಗಳು ದಾರದಲ್ಲಿ ತೂಗುತ್ತಿದ್ದವು. ಬೀದಿಯಲ್ಲಿ ಜನರಿರಲಿಲ್ಲ. ಎಷ್ಟೋ ವರ್ಷಗಳಿಂದ ಫ್ರೀವೇ ಸದ್ದನ್ನು ಕಿವಿಯೊಳಗೇ ಇಟ್ಟುಕೊಂಡು ಬದುಕಿದ್ದ ಚಿಕ್ಕಮ್ಮನಿಗೆ ಅಲ್ಲಿನ ನಿಶ್ಶಬ್ದ ಮೊದಲು ಕಿವಿ ಕಟ್ಟಿದಂತೆ ಅನ್ನಿಸಿತಂತೆ. ಇಲ್ಲಿ ನಾನು ಮಲಗುತ್ತೇನೆ, ಎದ್ದಮೇಲೆ ಗುರುವಿನ ವಿಷಯ ಯೋಚಿಸುತ್ತೇನೆ ಎಂದುಕೊಂಡರು.

ಅವರನ್ನು ಕರೆದುಕೊಂಡು ಹೋದವರು ಮೊರಿಟಾ ಎಂಬ ಮನೆತನದವರು. ಗಂಡ ಮೀನುಗಾರರ ಸೊಸೈಟಿಯಲ್ಲಿ ಕೆಲಸಕ್ಕಿದ್ದರು. ಹೆಂಡತಿ ಹಿಸಾಯೆ ಚಿಕ್ಕಮ್ಮನಿಗಿಂತ ಸ್ವಲ್ಪ ದೊಡ್ಡವಳು. ಆಕೆಯ ಗೂನುಬೆನ್ನಿನ ಅತ್ತೆ ಬಾಗಿಲ ಬಳಿ ಮಂಡಿಯೂರಿ ಕೂತು ಎಲ್ಲವನ್ನೂ ನೋಡುತ್ತಿದ್ದರು. ಊಟದ ಮೇಜಿನ ಮೇಲೆ ಏಡಿ, ಹಸಿ ಮೀನು, ಇಡಿಯಾಗಿ ಹುರಿದ ಇನ್ನೊಂದು ಮೀನು. ಮಿಸೆಸ್ ನಕಾನೊ ಬದಲು ಬೇರೆಯವರು ಬರುತ್ತಾರೆಂದು ತಿಳಿಸಿದ್ದರೇ ಹೊರತು, ಬರುವವರು ಮೀನು ತಿನ್ನುವುದಿಲ್ಲವೆಂದು ಯಾರೂ ತಿಳಿಸಿರಲಿಲ್ಲ. ಅದು ಗೊತ್ತಾದಾಗ ಹಿಸಾಯೆಯ ಮುಖದ ನಗು ಅಲುಗಲಿಲ್ಲ. ಕಣ್ಣು ಮಾತ್ರ ಒಂದು ಕ್ಷಣ ಒಲೆಯ ಕಡೆ ಹೋಗಿ ಬಂತು. ಆಕೆ ಎದ್ದು ಹೋಗಿ ಎಲ್ಲವನ್ನೂ ಮತ್ತೆ ಮಾಡಿಕೊಂಡು ಬಂದಳು: ಗೆಣಸು, ಬದನೆ, ತೋಫು, ಅನ್ನ. ಚಿಕ್ಕಮ್ಮ ಬೇಡವೆಂದರೆ ಇನ್ನೇನಾದರೂ ಮಾಡಿ ತರುತ್ತಾಳೆಂದು ಹೆದರಿ ಎಲ್ಲವನ್ನೂ ತಿಂದರು. ಬಟ್ಟಲಿನ ಸಾರಿನಲ್ಲಿ ಏನಿದೆಯೆಂದು ಕೇಳಲಿಲ್ಲ.

ಮರುದಿನ ಶುಕ್ರವಾರ. ಅಭ್ಯಾಸಬಲದಿಂದ ಬೆಳಕಾಗುವ ಮೊದಲೇ ಎಚ್ಚರವಾಯಿತು. ಹಲಗೆಯ ಮೇಲೆ ಮೂಲಂಗಿ ಹೆಚ್ಚುವ ಸದ್ದು ಬರುತ್ತಿತ್ತು. ಹೆಚ್ಚುವವಳು ಸದ್ದಾಗದಂತೆ ಹೆಚ್ಚಲು ನೋಡುತ್ತಿದ್ದಾಳೆಂದು ಚಿಕ್ಕಮ್ಮನಿಗೆ ತಿಳಿಯಿತು. ಎದ್ದು ಹೋಗಿ ನೋಡಿದರೆ ಹಿಸಾಯೆ ಅಡುಗೆಮನೆಯ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಾಳೆ. ಒಂದು ಕೈ ಸೊಂಟದ ಮೇಲೆ, ಕಣ್ಣು ಮುಚ್ಚಿದೆ. ಹೆಜ್ಜೆ ಸದ್ದು ಕೇಳಿದ ಕೂಡಲೇ ಜಿಗಿದೆದ್ದಳು. ಏಳುವಷ್ಟರಲ್ಲಿ ನಗು ಮುಖಕ್ಕೆ ಬಂದಿತ್ತು.

“ಆ ನಗು ನಂದೇ ಕಣೇ” ಎಂದರು ಚಿಕ್ಕಮ್ಮ ನನಗೆ ಇದನ್ನು ಹೇಳುವಾಗ. “ಅದನ್ನ ಈ ಕಡೆಯಿಂದ ನಾನು ನೋಡೇ ಇರ್ಲಿಲ್ಲ.”

ಆ ದಿನ ಊರು ತೋರಿಸಲು ಬಂದ ಶಾಲೆಯ ಇಂಗ್ಲಿಷ್ ಮೇಷ್ಟ್ರು ಓಕುನೊ ಅವರನ್ನು ಚಿಕ್ಕಮ್ಮ ಕೇಳಿದರು: “ಅತಿಥಿಗಳನ್ನು ಇವರ ಮನೆಯಲ್ಲೇ ಯಾಕೆ ಇರಿಸಿದಿರಿ?”

“ಯಾರು ಬಂದರೂ ಇಲ್ಲೇ” ಎಂದರು ಓಕುನೊ ಹೆಮ್ಮೆಯಿಂದ. “ಶಾಲೆ ಇನ್‌ಸ್ಪೆಕ್ಟರು ಬಂದರೆ ಇಲ್ಲಿ, ಹೊಸ ಮೇಷ್ಟ್ರು ಬಂದರೆ ಇಲ್ಲಿ. ಮದುವೆಯಾಗುವ ತನಕ ನಾನೂ ಇಲ್ಲೇ ಇದ್ದೆ. ಸ್ಟೇಷನ್ನಿಗೆ ಹತ್ತಿರದ ಮನೆಯಲ್ಲವೇ?”

ಆ ಸಂಜೆ ಚಿಕ್ಕಮ್ಮ ಅಡುಗೆಮನೆಗೆ ಹೋಗಿ, ಹಿಸಾಯೆಯ ಕೈಯಿಂದ ಚಾಕು ತೆಗೆದುಕೊಂಡು ಕ್ಯಾರೆಟ್ಟು ಹೆಚ್ಚಲು ಕೂತರು. ಅದು ತಪ್ಪಾಯಿತು. “ಪ್ಲೀಸ್, ಪ್ಲೀಸ್” ಎಂದು ಹಿಸಾಯೆ ಗಾಬರಿಯಾದಳು. ಒಳಗಿನಿಂದ ಅತ್ತೆ ಬಂದು ನೋಡಿ ಸೊಸೆಗೆ ಮೆಲ್ಲನೆಯ ದನಿಯಲ್ಲಿ ಏನೋ ಅಂದರು. ಭಾಷೆ ಬಾರದಿದ್ದರೂ ಅರ್ಥವಾಗಲು ಕಷ್ಟವಿರಲಿಲ್ಲ. ನೆಂಟರ ಕೈಗೆ ಚಾಕು ಕೊಡುವಂತಾಯಿತೇ ಎಂದು. ಹಿಸಾಯೆ ಆಮೇಲೆ ಇನ್ನೂ ಎರಡು ಬಗೆ ಹೆಚ್ಚಿಗೆ ಮಾಡಿದಳು.

ಸಹಾಯ ಮಾಡಲು ಬಂದ ನೆಂಟರು ತಮ್ಮ ಮನೆಯಲ್ಲೂ ಎಷ್ಟು ಕೆಲಸ ಹೆಚ್ಚಿಸುತ್ತಿದ್ದರೆಂದು ಚಿಕ್ಕಮ್ಮನಿಗೆ ನೆನಪಾಯಿತು. ಅಷ್ಟು ಜನರಲ್ಲಿ ತಮಗೆ ವಿಶ್ರಾಂತಿ ಕೊಟ್ಟವರು ಯಾರೆಂದು ಯೋಚಿಸಿದರು. ಒಬ್ಬರೇ ಒಬ್ಬರು. ಉಡುಪಿಯ ಜಯಕರ ಎಂಬವರ ವಯಸ್ಸಾದ ತಂದೆ. ಅವರು ವಿಮಾನದಿಂದ ಇಳಿದು ಬಂದು, ಕಾಫಿಯೂ ಬೇಡವೆಂದು, ಎರಡು ದಿನ ಗೊರಕೆ ಹೊಡೆದು ಮಲಗಿದ್ದರು. ಆ ಎರಡು ಮಧ್ಯಾಹ್ನ ಚಿಕ್ಕಮ್ಮನೂ ಕಾಲು ಚಾಚಿದ್ದರು.

ಶನಿವಾರ ಬೆಳಗ್ಗೆ ಊರಿನ ಕಚೇರಿಯಲ್ಲಿ ಸ್ವಾಗತ, ಮಧ್ಯಾಹ್ನ ಶಾಲೆಯಲ್ಲಿ ಮಕ್ಕಳ ಹಾಡು. ಚಿಕ್ಕಮ್ಮ ಹಾಸಿಗೆಯಿಂದ ಏಳಲಿಲ್ಲ. ತಲೆನೋವು ಎಂದರು. ಬಳಗದ ಮುಖ್ಯಸ್ಥೆ ಡೋರಿಸ್ ಬಂದು, “ಇಂದೂ, ನಾವು ನಮ್ಮ ಊರನ್ನು ಪ್ರತಿನಿಧಿಸುತ್ತಿದ್ದೇವೆ” ಎಂದು ನಿಷ್ಠುರವಾಗಿ ಹೇಳಿ ಹೋದರು. ಚಿಕ್ಕಮ್ಮ ಗೋಡೆಯ ಕಡೆ ತಿರುಗಿ ಮಲಗಿದರು. ಬದುಕಿನಲ್ಲಿ ಮೊದಲ ಸಲ ಅವರು ಕೆಟ್ಟ ನೆಂಟರಾಗಲು ತೀರ್ಮಾನಿಸಿದ್ದರು.

ಆದರೆ ಹಿಸಾಯೆ ಮಲಗಲಿಲ್ಲ. ಗಂಜಿ ತಂದಳು. ಒದ್ದೆ ಬಟ್ಟೆ ತಂದಳು. ಬಿಸಿನೀರಿನ ಚೀಲ ತಂದಳು. ಓಡಿಹೋಗಿ ಊರಿನ ಡಾಕ್ಟರನ್ನೇ ಕರೆತಂದಳು. ಹಿಂದೆಯೇ ಮಾತು ದಾಟಿಸಲು ಓಕುನೊ ಬಂದರು. ಎಲ್ಲರಿಗೂ ಚಹ ಆಗಬೇಕಾಯಿತು. ಹಿಸಾಯೆ ಚಹಕ್ಕೆ ಹೋದಾಗ, ಮುದಿ ಡಾಕ್ಟರು ನಾಡಿ ನೋಡಿ, ನಾಲಿಗೆ ನೋಡಿ ಹುಬ್ಬೇರಿಸಿದರು.

“ನನಗೇನೂ ಆಗಿಲ್ಲ” ಎಂದರು ಚಿಕ್ಕಮ್ಮ. “ನಾನು ಮಲಗಿದರೆ ಆಕೆಯೂ ಒಂದು ಗಳಿಗೆ ಮಲಗಬಹುದು ಎಂದುಕೊಂಡೆ.”

ಓಕುನೊ ಇದನ್ನು ಜಪಾನಿ ಭಾಷೆಗೆ ತಿರುಗಿಸಲು ಬಹಳ ತಡಮಾಡಿದರು. ತಾನು ಆ ಮನೆಯಲ್ಲಿ ಉಂಡ ಊಟಗಳು ನೆನಪಾಗಿರಬೇಕು, ಕಿವಿ ಕೆಂಪಾಗಿತ್ತು. ಡಾಕ್ಟರು ಅಡುಗೆಮನೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಅತ್ತೆಯನ್ನು ಕರೆಸಿ, ಗಟ್ಟಿಯಾದ ದನಿಯಲ್ಲಿ ಅಪ್ಪಣೆಗಳನ್ನು ಹೇಳತೊಡಗಿದರು. ಓಕುನೊ ಚಿಕ್ಕಮ್ಮನಿಗೆ ಅದನ್ನು ಪಿಸುಮಾತಿನಲ್ಲಿ ಹೇಳಿದರು: “ಸಂಜೆಯವರೆಗೆ ಮನೆಯಲ್ಲಿ ಒಲೆ ಹಚ್ಚಬಾರದಂತೆ. ವಾಸನೆ ರೋಗಿಗೆ ಒಳ್ಳೆಯದಲ್ಲ. ಪಾತ್ರೆಯ ಸದ್ದು ಆಗಬಾರದು. ರೋಗಿಯ ಪಕ್ಕದಲ್ಲಿ ಒಬ್ಬರು ಹಾಸಿಗೆ ಹಾಸಿಕೊಂಡು ಇರಬೇಕು. ಹೆಂಗಸರೇ ಇರಬೇಕು. ವಯಸ್ಸಾದವರು ಬೇಡ.”

ಡಾಕ್ಟರ ಮಾತನ್ನು ಅತ್ತೆಯೂ ಮೀರುವ ಹಾಗಿರಲಿಲ್ಲ. ಹಿಸಾಯೆ ಪಕ್ಕದಲ್ಲಿ ಹಾಸಿಗೆ ಹಾಸಿ, ರೋಗಿಯನ್ನು ನೋಡಿಕೊಳ್ಳಲೆಂದು ಅದರ ಮೇಲೆ ನೆಟ್ಟಗೆ ಕೂತಳು. ಚಿಕ್ಕಮ್ಮ ಕಣ್ಣು ಮುಚ್ಚಿ ಉಸಿರನ್ನು ನಿಧಾನ ಮಾಡಿದರು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ದೇಹ ಒರಗಿದ ಸದ್ದು. ಕಣ್ಣು ತೆರೆದು ನೋಡಿದರೆ ಆಕೆ ಏಪ್ರನ್ನನ್ನೂ ಬಿಚ್ಚದೆ ನಿದ್ದೆಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ನಗು ಇಲ್ಲದ ಆ ಮುಖ ಹಿಸಾಯೆಯದೆಂದು ನಂಬುವುದೇ ಕಷ್ಟವಾಯಿತಂತೆ. ನೋಡುತ್ತ ನೋಡುತ್ತ ಚಿಕ್ಕಮ್ಮನಿಗೂ ನಿದ್ದೆ ಬಂತು.

ಮಧ್ಯಾಹ್ನ ಹಜಾರದಲ್ಲಿ ಫೋನು ಕೂಗಿತು. ಚಿಕ್ಕಮ್ಮ ಎದ್ದುಬಿದ್ದು ಓಡಿ, ಎರಡನೆಯ ಸಲ ಕೂಗುವ ಮೊದಲೇ ರಿಸೀವರು ಎತ್ತಿಕೊಂಡರು.

“ಹಲೋ! ಇಂದೂ? ಕೇಳಿಸ್ತಿದೆಯಾ?” ಸಾಗರದಾಚೆಯಿಂದ ಚಿಕ್ಕಪ್ಪ ಕೂಗುತ್ತಿದ್ದರು.

“ಕೇಳಿಸ್ತಿದೆ. ಮೆಲ್ಲಗೆ ಮಾತಾಡಿ.”

“ಯಾಕೆ ಪಿಸುಗುಡ್ತೀಯಾ? ಹುಷಾರಿಲ್ವಾ?”

“ಮನೆಯವರು ಮಲಗಿದಾರೆ.”

“ಹಗಲು ಹೊತ್ತಲ್ಲಾ? ಮನೇಲಿ ನೆಂಟರನ್ನ ಇಟ್ಕೊಂಡು ಮಲಗ್ತಾರಾ? ಒಳ್ಳೆ ಜನ! ಸರಿ, ಗುರುಗೆ ಏನ್ ಹೇಳ್ಲಿ? ಹೂಂ ಅಂದ್ಬಿಡ್ಲಾ?”

ಚಿಕ್ಕಮ್ಮ ಬಾಗಿಲಿನಿಂದ ಹಿಸಾಯೆಯ ಪಾದಗಳನ್ನು ನೋಡುತ್ತಿದ್ದರು. ಬಿಳಿಯ ಕಾಲುಚೀಲ, ಹಿಮ್ಮಡಿಯಲ್ಲಿ ಹೊಲಿಗೆ ಹಾಕಿದ್ದು.

“ಬೇಡ ಅನ್ನಿ.”

“ಏನು? ಲೈನು ಸರಿ ಇಲ್ಲ.”

“ಬೇಡ ಅನ್ನಿ ರೀ. ಬಂದ ಹೊಸದರಲ್ಲಿ ಒಂದು ವಾರ ಇರ್ಲಿ. ಆಮೇಲೆ ಅವರ ಮನೆ ಅವರು ಮಾಡಿಕೊಳ್ಳಲಿ.”

“ಕಾರಣ ಏನಂತ ಹೇಳೋದು?”

“ನನಗೆ ಸುಸ್ತಾಗಿದೆ ಅಂತ ಹೇಳಿ.”

“ಸುಸ್ತು ಅಂತ ಯಾರಾದ್ರೂ ಹೇಳ್ತಾರೇನೇ? ಮನೆ ರಿಪೇರಿ ಇದೆ ಅಂತಲೋ, ನಿನಗೆ ಆಪರೇಷನ್ನು ಅಂತಲೋ...”

“ಸುಸ್ತು ಅಂತಲೇ ಹೇಳಿ.”

“ನಾಳೆ ಮತ್ತೆ ಮಾಡ್ತೀನಿ. ನೀನು ಸಮಾಧಾನವಾಗಿ ಯೋಚನೆ...”

“ನಾಳೆ ಮಾಡ್ಬೇಡಿ. ಫೋನು ಕೂಗಿದ್ರೆ ಈಕೆಗೆ ಎಚ್ಚರ ಆಗುತ್ತೆ” ಎಂದು ರಿಸೀವರನ್ನು ಮೆಲ್ಲಗೆ ಇಟ್ಟರು. ಹಾಸಿಗೆಗೆ ಮರಳಿದರೂ ಆಮೇಲೆ ನಿದ್ದೆ ಹತ್ತಲಿಲ್ಲ. ಹಿಸಾಯೆ ಮಾತ್ರ ಬೀದಿದೀಪ ಹತ್ತುವವರೆಗೆ ಮಲಗಿದ್ದಳು.

ಸೋಮವಾರ ಸ್ಟೇಷನ್ನಿನಲ್ಲಿ ಬೀಳ್ಕೊಡುವಾಗ ಹಿಸಾಯೆ ಎಲ್ಲರಿಗಿಂತ ಹೆಚ್ಚು ಬಗ್ಗಿ ನಮಸ್ಕಾರ ಮಾಡಿ ಕ್ಷಮೆ ಕೇಳಿದಳು. ರೋಗಿಯ ಪಕ್ಕದಲ್ಲಿ ನಿದ್ದೆಹೋದದ್ದಕ್ಕೆ ಎಂದು ಓಕುನೊ ತಿಳಿಸಿದರು. ಡೋರಿಸ್ ದಾರಿಯುದ್ದಕ್ಕೂ ಚಿಕ್ಕಮ್ಮನ ಜೊತೆ ಹೆಚ್ಚು ಮಾತಾಡಲಿಲ್ಲ.

ಚಿಕ್ಕಪ್ಪ ಗುರುಪ್ರಸಾದನಿಗೆ ಏನು ಹೇಳಿದರೋ, ಹೇಗೆ ಹೇಳಿದರೋ, ‘ಸುಸ್ತು’ ಎನ್ನುವ ಮಾತು ಮಾತ್ರ ಎಲ್ಲ ಮನೆಗಳಿಗೂ ತಲುಪಿತು. ಇಂದುವಿಗೂ ಅಮೆರಿಕದ ಗಾಳಿ ಬಡಿಯಿತು ಎಂದರು ಕೆಲವರು. ಕೊಂಡುತಂದ ಹಾಸಿಗೆಯನ್ನು ಚಿಕ್ಕಪ್ಪ ಅಂಗಡಿಗೆ ಹಿಂದಿರುಗಿಸಿದರು. ಗುರುಪ್ರಸಾದನ ಸಂಸಾರ ಡಿಸೆಂಬರಿನಲ್ಲಿ ಬಂದು, ಒಂದು ವಾರ ಮುಖ ಬಿಗಿದುಕೊಂಡೇ ಇದ್ದು, ಪಾಲೋ ಆಲ್ಟೋದಲ್ಲಿ ಅಪಾರ್ಟ್‌ಮೆಂಟು ಹಿಡಿದು ಹೋಯಿತು.

ಯುಗಾದಿಗೆ ಚಿಕ್ಕಪ್ಪ ಅವರನ್ನು ಊಟಕ್ಕೆ ಕರೆದರು. ಇನ್ನೂ ನಾಲ್ಕಾರು ಮನೆಯವರು ಬಂದಿದ್ದರು. ಚಿಕ್ಕಮ್ಮ ಬೆಳಗಿನಿಂದ ನಿಂತೇ ಇದ್ದರು. ಹೋಳಿಗೆಯ ತಟ್ಟೆ ಹಿಡಿದು ಮೂರನೆಯ ಸಲ ಬಡಿಸಲು ಬಂದಾಗ ಮೈಥಿಲಿ ಎಲ್ಲರಿಗೂ ಕೇಳುವ ಹಾಗೆ ಅಂದಳು:

“ಅಯ್ಯೋ ಇಂದಕ್ಕಾ, ನೀವ್ಯಾಕೆ ಓಡಾಡ್ತೀರಾ? ನಿಮಗೆ ಸುಸ್ತಲ್ವಾ? ಕೂತ್ಕೊಳ್ಳಿ, ಕೂತ್ಕೊಳ್ಳಿ.”

ಯಾರೋ ನಕ್ಕರು. ಚಿಕ್ಕಪ್ಪ ತಟ್ಟೆ ನೋಡಿಕೊಂಡರು. ಚಿಕ್ಕಮ್ಮ ಮೈಥಿಲಿಯ ಮುಖವನ್ನು ಒಂದು ಕ್ಷಣ ನೋಡಿ, ಹೋಳಿಗೆಯ ತಟ್ಟೆಯನ್ನು ಅವಳ ಕೈಗೆ ಕೊಟ್ಟು, “ಹೌದಮ್ಮ, ಸುಸ್ತಾಗಿದೆ” ಎಂದು ಅವಳೆದುರಿನ ಖಾಲಿ ಕುರ್ಚಿಯಲ್ಲಿ ಕೂತರು.