ಚಹಾದಂಗಡಿ ಮುಂದಿನ ಎಕ್ಕೆ ಗಿಡ

ಸಿರುಗುಪ್ಪಕ್ಕೆ ಹೊರಟ ಬಸ್ಸು ಕುರುಗೋಡು ದಾಟಿದ ಮೇಲೆ ಪಂಕ್ಚರ್ ಆಯಿತು. ಇಳಿದರೆ ಎದುರಿಗೇ ಚಹಾದಂಗಡಿ, ಅದರ ಬಾಗಿಲಿಗೆ ಅಡ್ಡವಾಗಿ ಆಳೆತ್ತರದ ಎಕ್ಕೆ ಗಿಡ. ಸುತ್ತಲಿನ ಹುಲ್ಲು ಬಿಸಿಲಿಗೆ ಸುಟ್ಟಿದ್ದರೂ ಅದು ಮಾತ್ರ ಬೂದಿ ಬಳಿದಂಥ ದಪ್ಪ ಎಲೆ ಹೊತ್ತು ಹೂ ಬಿಟ್ಟಿತ್ತು. ಹೂವಿನ ತುಂಬ ಕರಿ ದುಂಬಿಗಳು. ಹಾದುಹೋಗುವ ಆಡುಗಳು ಎಲೆಯನ್ನು ಮೂಸಿ ನೋಡಿ ಮುಂದೆ ನಡೆದವು.

“ಬಾಗಿಲಿಗೇ ಅಡ್ಡ ಇದೆಯಲ್ಲ, ಕಡಿಸಬಾರದೆ?” ಎಂದು ಅಂಗಡಿಯಾಕೆಯನ್ನು ಕೇಳಿದೆ.

“ಒಮ್ಮೆ ಕಡಿದಾರ್ರಿ” ಎಂದಳು.

ಅವಳ ಗಂಡನ ಮೊದಲ ಇಬ್ಬರು ಹೆಂಡಿರು ತೀರಿಕೊಂಡಿದ್ದರು. ಮೂರನೆಯ ಮದುವೆ ಆಗಿಬರುವುದಿಲ್ಲವೆಂದು ಹಿರಿಯರು ಮೊದಲು ಈ ಗಿಡಕ್ಕೆ ತಾಳಿ ಕಟ್ಟಿಸಿದರು. ಕಂಟಕ ಅದಕ್ಕೇ ಹೋಗಲೆಂದು ಅಂದೇ ಬುಡಕ್ಕೆ ಕೊಡಲಿ ಹಾಕಿಸಿ, ಆಮೇಲೆ ಇವಳ ಮದುವೆ ಮಾಡಿದರು. ಆದರೆ ಎಕ್ಕೆಯ ಬೇರು ಬಲು ಆಳ. ಮಳೆ ಬರುವ ಮೊದಲೇ ಬುಡ ಚಿಗುರಿತು. ಗಾಬರಿಯಾದ ಅತ್ತೆ ಬೇರುಸಮೇತ ಕೀಳಿಸಲು ಹೊರಟಾಗ ಇವಳೇ ಅಡ್ಡ ನಿಂತಳಂತೆ.

“ನಿಮಗೆ ಹೆದರಿಕೆಯಾಗಲಿಲ್ಲವೆ?”

ಅವಳು ಚಹಾ ಸೋಸುತ್ತಲೇ ಗಿಡದ ಕಡೆ ಗದ್ದ ತೋರಿಸಿ ಹೇಳಿದಳು: “ನಮ್ಮನಿಯವ್ರನ್ನ ಕಟ್ಟಿಕೊಂಡು ಉಳದಾಕಿ ಇಕಿ ಒಬ್ಬಾಕಿನರಿ. ನಾನೂ ಇಕಿ ಮಗ್ಗಲದಾಗ ಇರ್ತೀನಿ.”