ಎಡ ಗದ್ದದ ಟೈಟಾನಿಯಂ

ನನ್ನ ಎಡ ದವಡೆಯೊಳಗೆ ಟೈಟಾನಿಯಂ ಪ್ಲೇಟ್ ಇದೆ. ಕಳಸದಿಂದ ಬರುವಾಗ, ಸಿಲ್ವರ್ ಓಕ್ ಎಲೆ ಬಿದ್ದು ಒದ್ದೆಯಾಗಿದ್ದ ತಿರುವಿನಲ್ಲಿ ಬೈಕು ಜಾರಿ ಮೋರಿಯ ಕಟ್ಟೆಗೆ ಮುಖ ಹೊಡೆದದ್ದರ ಫಲ. ಮೂಳೆ ಕೂಡಿಕೊಂಡಿತು. ಆದರೆ ಕೆಳತುಟಿಯ ಎಡಭಾಗ, ಅದರ ಕೆಳಗಿನ ಗದ್ದ, ಎರಡೂ ಜೋಮು ಹಿಡಿದು ಹಾಗೇ ಉಳಿದವು. ನರ ಚಿಗುರಿದರೆ ಚಿಗುರೀತು, ಇಲ್ಲದಿದ್ದರೆ ಇಲ್ಲ ಎಂದರು ಮಂಗಳೂರಿನ ಡಾಕ್ಟರು. ಎಸ್ಟೇಟಿನಲ್ಲಿ ಲೆಕ್ಕ ಬರೆದು ಆಳು ನೋಡಿಕೊಳ್ಳುವ ರೈಟರ್ ನಾನು. ಕಾಫಿ ಗಿಡದ ವಿಷಯದಲ್ಲಿ ಧಣಿಗಳಿಗೆ ನಾನು ಕೊಡುವ ಉತ್ತರವೂ ಇದೇ ಧಾಟಿಯದು, ಹಾಗಾಗಿ ತಕರಾರು ಮಾಡಲಿಲ್ಲ. ಹೆಂಡತಿ ಆಸ್ಪತ್ರೆಯಲ್ಲಿ ಅತ್ತಳು. ನಾನು ಫ್ಯಾನು ನೋಡುತ್ತ ಮಲಗಿದ್ದೆ. ಜೋಮು ಬರೀ ಗದ್ದಕ್ಕೆ ಹಿಡಿದಿರಲಿಲ್ಲ.

ತೊಂದರೆ ಶುರುವಾದದ್ದು ಗಡ್ಡ ಹೆರೆಯುವಾಗ. ಕುಯ್ದರೂ ಗೊತ್ತಾಗುವುದಿಲ್ಲ. ಒಂದು ಬೆಳಿಗ್ಗೆ ಆಳುಗಳಿಗೆ ಕೆಲಸ ಹಂಚುತ್ತ ನಿಂತಿದ್ದಾಗ ಮೇಸ್ತ್ರಿ ಹತ್ತಿರ ಬಂದು, ಕಾಲರಿಗೆ ರಕ್ತ ಇಳಿಯುತ್ತಿದೆ ಎಂದು ಮೆಲ್ಲಗೆ ಹೇಳಿದ. ಹೆಂಗಸರೆಲ್ಲ ಆಗಲೇ ನೋಡಿಯಾಗಿತ್ತು.

ಅದೇ ವಾರ ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ ಟೈಟಾನಿಯಂ ಎಂದು ಬರೆದ ಬ್ಲೇಡು ಕಂಡಿತು. ಈ ಲೋಹ ನನ್ನ ಮೂಳೆಗೇ ಒಗ್ಗಿದೆ, ಇನ್ನು ಚರ್ಮಕ್ಕೆ ಒಗ್ಗದಿರುತ್ತದೆಯೇ ಎಂದುಕೊಂಡೆ. ಒಂದೇ ಜಾತಿಯದು ಬೇಗ ಕೂಡುತ್ತದೆ ಎನ್ನುವ ಕಸಿ ಕಟ್ಟುವವನ ಬುದ್ಧಿ. ಮಾರನೇ ದಿನ ಅದೂ ಕುಯ್ಯಿತು. ಗದ್ದಕ್ಕೆ ಎಂದಿನಂತೆ ಸುದ್ದಿಯೇ ಇಲ್ಲ.

ಅಕ್ಕನ ಗಂಡ ಕುದುರೆಮುಖದಲ್ಲಿ ಗಣಿ ನಡೆಯುತ್ತಿದ್ದಾಗ ವರ್ಕ್‌ಶಾಪಿನಲ್ಲಿದ್ದವರು. ಅವರು ನನ್ನನ್ನು ನೋಡಲು ಬಂದಾಗ ಬ್ಲೇಡು ತೋರಿಸಿದೆ. ಬೆಳಕಿಗೆ ಹಿಡಿದು ನಕ್ಕರು. ಒಳಗಿರುವುದೆಲ್ಲ ಉಕ್ಕು, ಟೈಟಾನಿಯಂ ಮೇಲಿನ ತೆಳು ಲೇಪವಷ್ಟೇ, ಅಂಚು ಬೇಗ ಸವೆಯದಿರಲಿ ಎಂದು ಕೊಟ್ಟದ್ದು ಎಂದರು. ಪೂರ್ತಿ ಅದರಲ್ಲೇ ಮಾಡಿದರೆ ಎಂದು ಕೇಳಿದೆ. ಹಗುರವಂತೆ, ತುಕ್ಕೂ ಹಿಡಿಯದಂತೆ, ಆದರೆ ಅಷ್ಟು ತೆಳ್ಳಗೆ ಮಸೆದ ಅಂಚು ನಿಲ್ಲುವುದಿಲ್ಲವಂತೆ, ಬೇಗ ಮೊಂಡಾಗುತ್ತದಂತೆ.

"ಮೂಳೆ ಹಿಡ್ಕಣಕ್ಕೆ ಅದು ಬೇಕು ಮಾರಾಯ. ಕೂದ್ಲು ಕುಯ್ಯಕ್ಕೆ ಉಕ್ಕೇ ಸರಿ" ಅಂದರು.

ಹಳೇ ಬ್ಲೇಡಿಗೇ ಮರಳಿದೆ. ಹೆರೆದಾದ ಮೇಲೆ ರಕ್ತ ನಿಲ್ಲಲು ಪಟಿಕ ಒತ್ತುವ ಕೆಲಸವನ್ನು ಹೆಂಡತಿ ವಹಿಸಿಕೊಂಡಳು. ಒದ್ದೆ ಪಟಿಕ ಗಾಯಕ್ಕೆ ತಾಗಿದರೆ ಯಾರಿಗಾದರೂ ಚುರ್ರೆನ್ನಬೇಕು. ನನಗೆ ಹಾಗೆ ಚುರ್ರೆನ್ನುವ ದಿನಕ್ಕೆ ಅವಳು ಹರಕೆ ಹೊತ್ತು ಕಾಯುತ್ತಿದ್ದಳು. ಒತ್ತಿದಾಗಲೆಲ್ಲ ಉರಿಯಿತೇ ಎಂದು ಕೇಳುವಳು. ಇಲ್ಲ ಎಂದಾಗ ಮುಖ ಬಾಡುತ್ತಿತ್ತು. ಅದನ್ನು ನೋಡಲಾರದೆ ಒಂದು ದಿನ ಸ್ವಲ್ಪ ಉರಿಯಿತು ಎಂದೆ. ಅವತ್ತು ಅವಳು ಪಾಯಸ ಮಾಡಿದಳು. ಆಮೇಲೆ ದಿನಾ ಹಾಗೇ ಹೇಳಬೇಕಾಯಿತು. ಮುಖ ನೋಡಿಕೊಂಡು ಸುಳ್ಳು ಹೇಳಲು ಬಾರದೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ಒಳಗೆ ಬೇಜಾರೂ ಇಲ್ಲ, ನಾಚಿಕೆಯೂ ಇಲ್ಲ, ಅದೊಂದು ದಿನದ ಕೆಲಸ.

ಮೊನ್ನೆಯೂ ಹಾಗೇ ನಿಂತಿದ್ದೆ.

"ಉರೀತಾ?" ಅಂದಳು.

"ಹ್ಞೂಂ, ನಿನ್ನೆಗಿಂತ ಜಾಸ್ತಿ" ಅಂದೆ.

ಕಣ್ಣು ಬಿಟ್ಟರೆ ಪಟಿಕ ಕನ್ನಡಿಯ ಕೆಳಗಿನ ಹಲಗೆಯ ಮೇಲೇ ಇತ್ತು, ಒಣಗಿಕೊಂಡು. ಅವಳ ಎರಡೂ ಕೈ ಸೆರಗಿನಲ್ಲಿದ್ದವು.

ಪಟಿಕವನ್ನು ನೀರಿಗದ್ದಿ ನನ್ನ ಬಲ ಗದ್ದಕ್ಕೆ ಒತ್ತಿ ಹಿಡಿದಳು. ಅಲ್ಲೂ ಸಣ್ಣಗೆ ಕುಯ್ದಿತ್ತು. ಚೆನ್ನಾಗಿಯೇ ಉರಿಯಿತು.