ಮಗನ ಹೆಸರಿನ ಕುರ್ಚಿ

ಬಸ್ಸಿನ ಕೆಲಸ ಇರುವ ದಿನ ಕಸ್ತೂರಿ ನೀರು ಕುಡಿಯುವುದಿಲ್ಲ. ಕಂಡಕ್ಟರ್ ಆಗಿ ಸೇರಿದ ಹೊಸತರಲ್ಲಿ ಡಿಪೋದ ಹಿರಿಯ ಹೆಣ್ಣುಮಗಳೊಬ್ಬಳು ಕಲಿಸಿಕೊಟ್ಟ ವಿದ್ಯೆ ಅದು. ಬೆಳಿಗ್ಗೆ ಒಂದು ಕಪ್ ಚಹಾ, ಆಮೇಲೆ ಬಾಟಲಿಯಿಂದ ತುಟಿ ಒದ್ದೆಯಾಗುವಷ್ಟು. ಗಂಡಸರಾದರೆ ಗಾಡಿ ಎಲ್ಲಿ ನಿಂತರೂ ಒಂದು ಮರದ ಮರೆ ಸಾಕು. ಅವಳಿಗೆ ಜಾಗ ಸಿಕ್ಕಾಗ ಹೊತ್ತು ಇರುವುದಿಲ್ಲ, ಹೊತ್ತು ಸಿಕ್ಕಾಗ ಜಾಗ ಇರುವುದಿಲ್ಲ. ಬಾಗಲಕೋಟೆ ಬಿಟ್ಟು ಹುನಗುಂದ ದಾಟಿ ಇಳಕಲ್ ಮುಟ್ಟುವತನಕ ಬಾಯಿ ಒಣಗಿಸಿಕೊಂಡು ಟಿಕೆಟ್ ಹರಿಯುವುದು ಈಗ ರೂಢಿಯಾಗಿದೆ. ದೇಹವೂ ಮನುಷ್ಯರ ಹಾಗೇ. ಬಹಳ ದಿನ ಅದರ ಮಾತಿಗೆ ಕಿವಿಗೊಡದಿದ್ದರೆ ಬೇಡುವುದನ್ನೇ ಬಿಡುತ್ತದೆ.

ಇಳಕಲ್ಲಿನಲ್ಲಿ ಗಾಡಿ ಅರ್ಧ ತಾಸು ನಿಲ್ಲುತ್ತದೆ. ನಿಲ್ದಾಣದ ಹಿಂದಿನ ಓಣಿಯಲ್ಲೇ ಅವಳ ತವರುಮನೆ. ಅಪ್ಪ ಪಾಂಡಪ್ಪ ಕೆಂಪುಕಲ್ಲಿನ ಕ್ವಾರಿಯಲ್ಲಿ ಬೆನ್ನು ಸವೆಸಿ ಈಗ ಕಟ್ಟೆಯ ಮೇಲೆ ಕೂತವನು. ಅವ್ವ ಹನಮವ್ವನಿಗೆ ಮೊಣಕಾಲು ನೋವು. ಅಣ್ಣ ಗೌತಮ ಕಲ್ಲು ಪಾಲಿಶ್ ಮಾಡುವ ಘಟಕದಲ್ಲಿ ದುಡಿಯುತ್ತಾನೆ, ಅತ್ತಿಗೆ ವಿದ್ಯಾ ಮನೆ ನೋಡಿಕೊಳ್ಳುತ್ತಾಳೆ. ನೋಡಿದವರು ಏನೂ ಕಡಿಮೆಯಿಲ್ಲ ಅನ್ನುವಂಥ ಮನೆ. ಆ ಮನೆಯ ಮುದುಕರೂ ಅದನ್ನೇ ಅನ್ನುತ್ತಾರೆ.

"ಯಪ್ಪಾ, ಬಾಗಲಕೋಟ್ಯಾಗಿಂದ ಏನ ತರ್ಲಿ?"

"ನನಗೇನ ಬ್ಯಾಡವಾ. ನಿಮ್ಮವ್ವನ ಬಾಯಿ ಮುಚ್ಚೋವಂಥಾದ್ದು ಏನರ ಮಾರಾಕ ಬಂದಿದ್ದರ ಅದನ್ನ ತಾ."

"ನಿಮ್ಮಪ್ಪನ ಕಿವಿಗೆ ಒಂದ ಬಿರಡಿ ತಾ, ಸೋವಿ ಆಕ್ಕೈತಿ," ಎಂದು ಒಳಗಿನಿಂದ ಅವ್ವ.

ನಕ್ಕು ಹೊರಡಬೇಕು, ಅಷ್ಟೆ. ಹಬ್ಬ ಬಂತು, ಸಂಬಳ ಹೆಚ್ಚಾಯಿತು ಎಂದು ಏನಾದರೂ ತಂದರೆ ಮತ್ತೊಂದು ಕಥೆ ಸುರುವಾಗುತ್ತಿತ್ತು. ಕೊಟ್ಟ ಹೆಣ್ಣಿನ ಮನೆಯದನ್ನು ಸುಮ್ಮನೆ ಇಟ್ಟುಕೊಳ್ಳಬಾರದು ಎಂಬುದು ಹನಮವ್ವನ ಕಟ್ಟಳೆ. ಒಂದು ತಗೊಂಡರೆ ಒಂದೂವರೆ ತಿರುಗಿಸಿ ಕೊಡಬೇಕು, ಮಗಳ ಉಡಿ ತುಂಬಿ ಕಳಿಸಬೇಕು. ಮೆತ್ತನೆಯ ಚಪ್ಪಲಿ ತಂದಾಗ ಅವ್ವ ತನ್ನ ಟ್ರಂಕಿನ ತಳದಿಂದ ಇಳಕಲ್ ಸೀರೆ ತೆಗೆದು ಮಡಿಲಿಗೆ ಹಾಕಿದಳು. ಚಪ್ಪಲಿ ಆ ಟ್ರಂಕಿಗೆ ಹೋಯಿತು. ಅಪ್ಪನಿಗೆ ಸ್ವೆಟರ್ ತಂದಾಗ ಒಂದು ಚೀಲ ಜೋಳ ಬಸ್ಸು ಹತ್ತಿತು. ಅವತ್ತು ಡ್ರೈವರ್ ನಾಸೀರ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

"ಸ್ವೆಟರಿಗೆ ಒಂದ ಚೀಲ ಜ್ವಾಳ! ಕಸ್ತೂರಕ್ಕಾ, ಮುಂದಿನ ಸಲ ನಿಮ್ಮಪ್ಪಗ ಒಂದ ಕೋಟ್ ಹೊಲಿಸು. ನಮ್ಮನಿಗೂ ವರ್ಷದ ಕಾಳ ಆಕ್ಕೈತಿ."

ಅವಳೂ ನಕ್ಕಳು. ಆದರೆ ಬಾಗಲಕೋಟೆಯ ನವನಗರದ ಗಂಡನ ಮನೆಗೆ ಬಂದು ಚೀಲವನ್ನು ಮೂಲೆಗೆ ಸರಿಸುವಾಗ ಆ ನಗು ಉಳಿದಿರಲಿಲ್ಲ. ಕೊಟ್ಟಷ್ಟೂ ಅವರನ್ನೇ ಬರಿದು ಮಾಡಿದಂತಾಗುತ್ತಿತ್ತು. "ಇದು ನನ್ನ ಪಗಾರ ಬೇ, ನಿನ್ನ ಅಳಿಯಂದಲ್ಲ" ಎಂದು ಒಮ್ಮೆ ಜಗಳವನ್ನೇ ತೆಗೆದಿದ್ದಳು. "ನೀನ ಆ ಮನಿಯಾಕಿ ಅಂದಮ್ಯಾಗ ನಿನ್ನ ಪಗಾರ ಎಲ್ಲೀದು?" ಎಂದು ಅವ್ವ ಸಮಾಧಾನವಾಗಿಯೇ ಕೇಳಿದ್ದಳು. ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪುಕ್ಕಟೆ ಎಂದಾದಾಗ ಮಾತ್ರ ಹನಮವ್ವ ಆಧಾರ್ ಕಾರ್ಡ್ ಹಿಡಿದುಕೊಂಡು ಎಲ್ಲರಿಗಿಂತ ಮೊದಲು ಹತ್ತಿ ಕೂತಿದ್ದಳು. "ಸರಕಾರ ಕೊಟ್ಟಿದ್ದು ತಗೋಬಹುದು. ಸರಕಾರ ಏನ ನನ್ನ ಹೊಟ್ಟ್ಯಾಗ ಹುಟ್ಟೇತೇನು?"

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕಸ್ತೂರಿ ಮನೆಗೆ ಹೋದಾಗ ವಿದ್ಯಾ ಎಲ್ಲರಿಗೂ ಚಹಾ ಕೊಟ್ಟಳು. ಹನಮವ್ವ ಒಂದು ಗುಟುಕು ಕುಡಿದು ಉಳಿದದ್ದನ್ನು ಗಂಡನ ಕಪ್ಪು-ಬಸಿಗೆ ಸುರಿದಳು. ಪಕ್ಕದಲ್ಲಿ ನೀರಿನ ತಂಬಿಗೆ ತುಂಬಿದ್ದು ತುಂಬಿದಂತೇ ಇತ್ತು. ತುಟಿ ಬಿರುಕು ಬಿಟ್ಟಿತ್ತು.

"ಯಾಕಬೇ, ಚಾ ಸೇರಂಗಿಲ್ಲೇನು?"

"ಹಸಿವಿಲ್ಲ, ನೀರಡಿಕಿಲ್ಲ. ವಯಸ್ಸಾತು."

"ರಾತ್ರಿ ಊಟಾನೂ ಬಿಟ್ಟಾಳ," ಎಂದ ಪಾಂಡಪ್ಪ. "ನನ್ನ ತಾಟಿನ್ಯಾಗ ಎರಡ ರೊಟ್ಟಿ ಹೆಚ್ಚಿಗಿ ಬೀಳ್ತಾವು. ನಾ ದಪ್ಪ ಆಗಾಕ ಹತ್ತೇನಿ."

ಸ್ವಲ್ಪ ಹೊತ್ತಿನಲ್ಲಿ ಅವ್ವ ಗೋಡೆ ಹಿಡಿದುಕೊಂಡು ಹಿತ್ತಲಿನ ಪಾಯಖಾನೆಗೆ ಹೋದಳು. ಬಾಗಿಲ ಹಿಂದೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಹಲ್ಲು ಕಚ್ಚಿ ಬಿಟ್ಟ ಒಂದು ನರಳಿಕೆ. ಹೊರಗೆ ಬಂದಾಗ ಮುಖದ ತುಂಬ ಬೆವರು, ಎರಡೂ ಅಂಗೈಗೆ ಗೋಡೆಯ ಸುಣ್ಣ ಮೆತ್ತಿತ್ತು. ಕುಕ್ಕರಗಾಲಲ್ಲಿ ಕೂತವಳು ಏಳಲು ಗೋಡೆ ಪರಚಿದ್ದಳು.

ಕಸ್ತೂರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಉಣ್ಣದಿದ್ದರೆ ಹೋಗುವುದು ತಪ್ಪುತ್ತದೆ, ಕುಡಿಯದಿದ್ದರೆ ಕೂರುವುದು ತಪ್ಪುತ್ತದೆ. ಅದು ಅವಳದೇ ಲೆಕ್ಕ. ಅವಳು ಅದನ್ನು ಬಸ್ಸಿನಲ್ಲಿ ಮಾಡುತ್ತಿದ್ದಳು, ಅವ್ವ ಮನೆಯಲ್ಲಿ ಮಾಡುತ್ತಿದ್ದಳು. ವ್ಯತ್ಯಾಸವೆಂದರೆ ಕಸ್ತೂರಿಯ ಪಾಳಿ ಸಂಜೆಗೆ ಮುಗಿಯುತ್ತಿತ್ತು.

ವಾರದ ರಜೆಯ ದಿನ ಅವಳು ಬಾಗಲಕೋಟೆಯ ಪೇಟೆಯಲ್ಲಿ ದವಾಖಾನೆಯ ಸಾಮಾನು ಮಾರುವ ಅಂಗಡಿಗೆ ಹೋದಳು. ಪಾಯಖಾನೆಯ ಗುಂಡಿಯ ಮೇಲೆ ನಿಲ್ಲಿಸಿ ಕೂರುವ, ನಡುವೆ ತೂತಿರುವ ಸ್ಟೀಲ್ ಕುರ್ಚಿ ಬೇಕಿತ್ತು.

"ಪೇಶಂಟ್ ಯಾರ್ರಿ?" ಎಂದ ಅಂಗಡಿಯವ.

"ಪೇಶಂಟ್ ಅಲ್ರಿ, ನಮ್ಮವ್ವ."

ಗಟ್ಟಿ ಇದೆಯೋ ಇಲ್ಲವೋ ನೋಡಲು ಅವಳೇ ಅದರ ಮೇಲೆ ಕೂತಳು. ಕೂತವಳಿಗೆ ಏಳುವ ಮನಸ್ಸಾಗಲಿಲ್ಲ. ವಾರವಿಡೀ ನಿಂತ ಕಾಲುಗಳು ಒಮ್ಮೆಲೇ ತಮ್ಮ ಭಾರವನ್ನು ಹೇಳಿಕೊಂಡವು. ಬೀದಿಯಲ್ಲಿ ಜನ ಹೋಗುತ್ತಿದ್ದರು. ಅಂಗಡಿಯವ ಬೇರೆ ಗಿರಾಕಿಯ ಕಡೆ ಹೋಗಿ ಬಂದ. ಅವಳು ಇನ್ನೂ ಅಲ್ಲೇ ಇದ್ದಳು, ಯಾವ ನಾಚಿಕೆಯೂ ಇಲ್ಲದೆ.

ಮರುದಿನ ರಟ್ಟು ಸುತ್ತಿದ ಕುರ್ಚಿಯನ್ನು ನಾಸೀರ ತನ್ನ ಸೀಟಿನ ಹಿಂದೆ ಹಗ್ಗದಿಂದ ಬಿಗಿದ.

"ಇದಕ್ಕ ಟಿಕೆಟ್ ಹರಿದ್ಯೇನ ಕಸ್ತೂರಕ್ಕಾ?"

"ಹರೀಬೇಕೇನು?"

"ಗಂಡೋ ಹೆಣ್ಣೋ ನೋಡು. ಹೆಣ್ಣಾದರ ಪುಕ್ಕಟ."

ಇಳಕಲ್ಲಿನಲ್ಲಿ ಇಳಿದು, ಕುರ್ಚಿಯನ್ನು ಸೊಂಟಕ್ಕೆ ಆನಿಸಿಕೊಂಡು ಓಣಿ ದಾಟಿದಳು. ಹನಮವ್ವ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ಊಟಕ್ಕೆ ಬಂದಿದ್ದ ಗೌತಮ ಕಲ್ಲಿನ ಧೂಳು ಮೆತ್ತಿದ ಕೈಯನ್ನು ನೀರಿನ ಹೌದಿನ ಹತ್ತಿರ ತೊಳೆಯುತ್ತಿದ್ದ. ಕಸ್ತೂರಿ ರಟ್ಟು ಬಿಚ್ಚಿ, ಅದು ಏನು, ಎಲ್ಲಿ ಇಡುವುದು, ಹೇಗೆ ಕೂರುವುದು ಎಂದು ಹೇಳಿದಳು. ಅವ್ವ ಕುರ್ಚಿಯ ಕಾಲು ಮುಟ್ಟಿದಳು. ಕೈಪಟ್ಟಿ ಹಿಡಿದು ಅಲುಗಿಸಿ ನೋಡಿದಳು. ಕಣ್ಣಿನಲ್ಲಿ ಒಂದು ಆಸೆ ಬಂದದ್ದನ್ನು ಮಗಳು ಕಂಡಳು. ಆಮೇಲೆ ಆ ಕೈ ಹಿಂದಕ್ಕೆ ಹೋಯಿತು.

"ಛಲೋ ಐತಿ. ತಿರುಗಿ ಒಯ್ಯಿ."

"ಯಾಕ ಬೇ?"

"ಇದಕ್ಕ ನಾ ಏನ ಕೊಡ್ಲಿ? ಟ್ರಂಕಿನ್ಯಾಗ ಕೊಡೂವಂಥಾದ್ದು ಏನೂ ಉಳಿದಿಲ್ಲ. ಅದೂ ಅಲ್ದ, ಮಗಳು ಕೊಟ್ಟಿದ್ದರ ಮ್ಯಾಲ ಕುಂತು ಅಂಥಾ ಕೆಲಸ ಮಾಡ್ಲೇನು? ಯಾ ನರಕಕ್ಕ ಹೋಗಬೇಕು ನಾ? ಹೋಗು, ಗಾಡಿ ಬಿಡೂದ್ರಾಗ ಒಯ್ದಿಡು."

ಕಸ್ತೂರಿ ಅವ್ವನ ಬಿರಿದ ತುಟಿಯನ್ನೇ ನೋಡುತ್ತ ನಿಂತಳು. ಈ ಕುರ್ಚಿ ತಿರುಗಿ ಬಸ್ಸು ಹತ್ತಿದರೆ ಅವ್ವ ನಾಳೆಯೂ ಉಣ್ಣುವುದಿಲ್ಲ. ಇನ್ನೊಂದು ಬೇಸಿಗೆ ತಡೆಯುವ ದೇಹ ಅದಲ್ಲ.

"ನಾ ಎಲ್ಲಿ ನಂದು ಅಂದೆ ಬೇ," ಅಂದಳು. "ಅಣ್ಣ ತರಿಸ್ಯಾನ. ಫೋನ್ ಮಾಡಿ ರೊಕ್ಕ ಹಾಕಿದ್ದ. ನಾ ಬರೇ ಹೊತಗೊಂಡ ಬಂದೇನಿ."

ಗೌತಮ ನೀರು ತೊಟ್ಟಿಕ್ಕುವ ಕೈಯಲ್ಲೇ ತಿರುಗಿ ನಿಂತ. ತಂಗಿ ಅವನ ಕಡೆ ನೋಡಲಿಲ್ಲ.

"ಖರೇನೇನೋ ಗೌತಮಾ?"

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ. "ಹೂಂ" ಎಂದು ಒಳಗೆ ಹೋದ.

"ಮದಲ ಬೊಗಳಬಾರದೇನ ಹಂಗಂತ?" ಹನಮವ್ವ ಆಗಲೇ ಕುರ್ಚಿಯನ್ನು ಹಿತ್ತಲಿಗೆ ಎಳೆಯುತ್ತಿದ್ದಳು. "ನನ್ನ ಮಗ ಮೂಕ ಬಸವಣ್ಣ. ಬಾಯಿ ಬಿಡಂಗಿಲ್ಲ, ಎಲ್ಲಾ ನೋಡ್ತಾನ."

ಕಸ್ತೂರಿ ಹೊರಟಾಗ ಗೌತಮ ಓಣಿಯ ತಿರುವಿನವರೆಗೆ ಹಿಂದೆ ಬಂದ.

"ಹಿಂಗ ಮಾಡಬಾರದಿತ್ತು ನೀನು. ಅಕಿನ ಜೋಡಿ ಒಂದ ಮನ್ಯಾಗ ಇದ್ದು ನನಗ ಗೊತ್ತಾಗಿಲ್ಲ. ಈಗ ಹೊಗಳಿಸಿಕೋ ಅಂದ್ರ ಹೆಂಗ ಹೊಗಳಿಸಿಕೊಳ್ಲಿ?"

"ಹೊಗಳಿಸಿಕೋಬ್ಯಾಡ. ಸುಮ್ನ ಇರು, ಸಾಕು."

ಮುಂದೆ ಅವಳ ಪಾಳಿ ಬಾದಾಮಿಯ ಕಡೆಗೆ ಬಿತ್ತು. ಇಳಕಲ್ಲಿಗೆ ಮತ್ತೆ ಬಂದದ್ದು ಮಳೆಗಾಲ ಹಿಡಿದ ಮೇಲೆ. ಬರಿಗೈಯಲ್ಲಿ ಬಂದಿದ್ದಳು. ಹೊಸ್ತಿಲ ಹತ್ತಿರ ಚಪ್ಪಲಿ ಬಿಡುವಾಗಲೇ ಒಳಗೆ ಅವ್ವ ನೆರೆಮನೆಯ ಮಾಸುಮಬಿಗೆ ಹೇಳುವುದು ಕೇಳಿಸಿತು.

"ಮಗ ತಂದ ಕೊಟ್ಟಾನವಾ, ಮಹಾರಾಣಿ ಹಂಗ ಕುಂಡ್ರತೇನಿ."

"ನಿನ್ನ ಮಗಳು ನೌಕರ್ಯಾಗ ಅದಾಳಲ್ಲ, ಅಕಿ ಏನ ಕೊಟ್ಟಾಳ?"

"ಅಕಿ ಸಂಸಾರನ ಅಕಿಗೆ ಹೆಚ್ಚಾಗೇತಿ. ಹೆಣ್ಣಮಕ್ಕಳಿಗೆ ತಾಯಿ ಮಣಕಾಲು ಎಲ್ಲಿ ಕಾಣತೈತಿ ಬಿಡು. ಅದಕ್ಕ ಗಂಡಸಮಗನ ಬೇಕು."

ಕಸ್ತೂರಿ ಒಂದು ಚಪ್ಪಲಿ ಕಾಲಲ್ಲಿ, ಒಂದು ಹೊರಗೆ ಎಂಬಂತೆ ನಿಂತಳು. ಇದಕ್ಕೆ ತಾನೇ ಒಪ್ಪಿಕೊಂಡಿದ್ದಳು, ಆದರೆ ಒಪ್ಪಿಕೊಂಡದ್ದೆಲ್ಲ ನೋಯದೆ ಇರುವುದಿಲ್ಲ. ಎರಡನೆಯ ಚಪ್ಪಲಿಯನ್ನೂ ಬಿಟ್ಟು ಒಳಗೆ ಹೋದಳು.

"ಬಾ ಬಾ. ಏನೂ ಹೊತಗೊಂಡ ಬಂದಿಲ್ಲಲ್ಲ? ಈಗ ಶಾಣ್ಯಾಕಿ ಆದಿ," ಎಂದಳು ಹನಮವ್ವ, ಖುಷಿಯಿಂದಲೇ. ಮಾಸುಮಬಿ ಸರಿದು ಜಾಗ ಕೊಟ್ಟಳು. ವಿದ್ಯಾ ಚಹಾ ತಂದಳು. ಅವ್ವ ಮಾತಾಡುತ್ತಾಡುತ್ತ ಕಪ್ಪನ್ನು ತಳದವರೆಗೆ ಕುಡಿದಳು. ಕುಡಿದು, "ಇನ್ನೊಂಚೂರು ಐತೇನವಾ?" ಎಂದು ಸೊಸೆಯ ಕಡೆ ಕಪ್ಪು ಚಾಚಿದಳು. ತುಟಿಯ ಬಿರುಕು ಕೂಡಿಕೊಂಡಿತ್ತು. ಕೆನ್ನೆಗೆ ಒಂದಿಷ್ಟು ಮಾಂಸ ಬಂದಿತ್ತು.

"ನನ್ನ ತಾಟಿನ ಹೆಚ್ಚಿನ ರೊಟ್ಟಿ ಹೋದುವು," ಎಂದು ಪಾಂಡಪ್ಪ ದೂರಿಕೊಂಡ.

ನಿಲ್ದಾಣದ ಕಡೆಯಿಂದ ನಾಸೀರನ ಹಾರ್ನ್ ಕೇಳಿತು. ಕಸ್ತೂರಿ ಎದ್ದಳು. ಅವ್ವ ಅವಳ ಹಿಂದೆಯೇ ಅಂಗಳಕ್ಕೆ ಬಂದು ದನಿ ತಗ್ಗಿಸಿದಳು.

"ನಿಮ್ಮಣ್ಣಗ ನೀನ ಒಂದ ಮಾತ ಹೇಳು. ನನಗ ಕೇಳಾಕ ನಾಚಿಕಿ ಆಕ್ಕೈತಿ. ಆ ಕುರ್ಚಿ ಬಾಜೂಕ ಗ್ವಾಡಿಗೆ ಒಂದ ಹಿಡಿಕಿ ಹಚ್ಚಸು ಅನ್ನು. ಏಳಾಕ ಇನ್ನೂ ಹಗರ ಆಕ್ಕೈತಿ."

ಅವ್ವ ಮಕ್ಕಳಿಂದ ತನಗಾಗಿ ಏನಾದರೂ ಬೇಕು ಎಂದದ್ದನ್ನು ಕಸ್ತೂರಿ ಕೇಳಿದ್ದು ಅದೇ ಮೊದಲು. ಅದು ಮಗಳನ್ನು ಕೇಳಿದ್ದಲ್ಲ, ಮಗನನ್ನು.

"ಹೇಳ್ತೇನಿ," ಅಂದಳು. "ಎಷ್ಟ ಎತ್ತರಕ್ಕ ಬೇಕಬೇ?"

ಹನಮವ್ವ ಅಂಗಳದ ಗೋಡೆಗೆ ಕೈ ಹಚ್ಚಿ, ಒಮ್ಮೆ ಬಗ್ಗಿ, ಒಮ್ಮೆ ಎದ್ದು, ಒಂದು ಕಡೆ ಬೆರಳು ನಿಲ್ಲಿಸಿದಳು. ಕಸ್ತೂರಿ ಅಲ್ಲಿಗೆ ಒತ್ತಿ ನಿಂತು, ಆ ಎತ್ತರ ತನ್ನ ಮೈಗೆ ಎಲ್ಲಿ ಬರುತ್ತದೆಂದು ಅಂಗೈಯಿಂದ ಅಳೆದುಕೊಂಡಳು. ಸೊಂಟಕ್ಕಿಂತ ನಾಲ್ಕು ಬೆರಳು ಕೆಳಗೆ. ಮೈಮೇಲಿನ ಆ ಜಾಗದಿಂದ ಕೈ ತೆಗೆಯದೆಯೇ ಓಣಿ ದಾಟಿ ಬಸ್ಸಿನ ಕಡೆ ನಡೆದಳು.